ಬಾಯಿ ಸತ್ತ ಕಂಪ್ಯೂಟರು

"ಕಣ್ಣು ಕಾಣದ ಮುಂಡೇದಕ್ಕೆ ಹೊಸ ಕಂಪ್ಯೂಟರ್ ಕೊಟ್ಟಿದ್ದೇ ಹೆಚ್ಚು. ಅದು ಮಾತಾಡ್ಬೇಕಂತೆ, ಮಾತು!"

ಬಸ್ ನಿಲ್ದಾಣದ ಆಡಳಿತಾಧಿಕಾರಿ ದೋನ್ ರೆಮಿಹಿಯೊ ಬೆಳಿಗ್ಗೆಯೇ ನನ್ನ ಗೂಡಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಹನ್ನೊಂದು ವರ್ಷದಿಂದ ಈ ಮೈಕಿನ ಮುಂದೆ ಕೂತವಳು ನಾನು, ಎರ್ಮಿನಿಯಾ. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬಂತೆಂದು ಹಳೆಯ ಕಂಪ್ಯೂಟರು ನನ್ನ ಕಿವಿಯಲ್ಲಿ ಬಡಬಡನೆ ಓದುತ್ತಿತ್ತು. ನಾನು ಮೈಕಿನಲ್ಲಿ ಹೇಳುತ್ತಿದ್ದೆ. ನಿನ್ನೆ ಅದನ್ನು ಹೊತ್ತುಕೊಂಡು ಹೋಗಿ ಹೊಸದನ್ನಿಟ್ಟರು. ಪರದೆ ಓದಿ ಹೇಳುವ ನನ್ನ ತಂತ್ರಾಂಶ ಇದರಲ್ಲಿ ಏಳುವುದೇ ಇಲ್ಲ. ಹೊಸ ತಂತ್ರಾಂಶ ಕೊಳ್ಳಲು ನನ್ನ ನಾಲ್ಕು ತಿಂಗಳ ಸಂಬಳ ಬೇಕು. ಪುಕ್ಕಟೆ ಸಿಗುವುದು ನಮ್ಮ ಬಸ್ ಪಟ್ಟಿ ಕಂಡರೆ ಗಪ್‌ಚಿಪ್.

"ಧಣಿ, ಬದಲಾಯ್ಸಿದ್ದು ನೀವು. ನಾನ್ಯಾಕೆ ಕಾಸು ಕೊಡ್ಲಿ?"

"ಏನು, ನಮ್ಮಪ್ಪನ ಮನೆ ಗಂಟಾ? ಪರದೆ ಬಣ್ಣ ನೋಡು, ಹೆಂಗೈತೆ! ಓ, ನಿಂಗೆ ಕಾಣಲ್ವಲ್ಲ." ಕಿಸಕ್ಕನೆ ನಕ್ಕ. "ಇವತ್ತು ಒಂದು ಬಸ್ಸು ಹೇಳೋದು ತಪ್ಪಿದ್ರೂ ನಾಳೆ ಈ ಕುರ್ಚೀಲಿ ನಮ್ಮಣ್ಣನ ಮಗಳು."

ಮೈಯೆಲ್ಲ ಉರಿದುಹೋಯಿತು. ಇವನ ವಂಶ ಹಾಳಾಗ!

ಅವನು ಮಹಡಿ ಹತ್ತಿದ ಮೇಲೆ, ಮೆಕ್ಕೆಜೋಳದ ಬಿಸಿ ಆಪಿ ಮಾರುವ ಫೆಲಿಪಾ ಲೋಟ ತಂದಳು.

"ಕುಡಿ ಕಣವ್ವ. ಅವನ ಕಾಲು ಹಿಡ್ಕೊ, ಹೆಂಗೋ ಆಯ್ತದೆ."

"ಹನ್ನೊಂದು ವರ್ಷ ಹಿಡಿದಿದ್ದೀನಿ ಅಕ್ಕ. ಸವೆದಿರೋದು ನನ್ನ ಕೈಯೇ. ನೀನು ಆಚೆ ನಡಿ."

ಒಳಗಿಂದ ಚಿಲಕ ಹಾಕಿದೆ.

ಕಾರ್ನಿವಾಲ್ ಹಬ್ಬದ ಹಿಂದಿನ ಶುಕ್ರವಾರ. ಹಬ್ಬದ ಕುಣಿತ ನೋಡಲು ಓರುರೊ ಊರಿಗೆ ಹೋಗುವವರಿಂದ ನಿಲ್ದಾಣ ಗಿಜಿಗಿಜಿ ಅನ್ನುತ್ತಿತ್ತು. ಬಸ್ಸುಗಳು ಬಂದು ನಿಲ್ಲುವ ಸದ್ದು ಕೇಳುತ್ತಿತ್ತು. ಯಾವುದು ಎಲ್ಲಿಯದೆಂದು ತಿಳಿಯುತ್ತಿರಲಿಲ್ಲ. ಮೈಕಿನ ಗುಂಡಿ ಒತ್ತಿದೆ.

"ಪ್ರಯಾಣಿಕರ ಗಮನಕ್ಕೆ. ಓರುರೊ ಬಸ್ಸು ಎಲ್ಲಿ ನಿಂತದೆ ಅಂತ ನಂಗೆ ಗೊತ್ತಿಲ್ಲ. ಕುರುಡಿಗೆ ಮೂಕ ಕಂಪ್ಯೂಟರು ತಂದಿಟ್ಟ ಪುಣ್ಯಾತ್ಮನ್ನ ಕೇಳಿ. ಹೆಸರು ರೆಮಿಹಿಯೊ. ಮೇಲಿನ ಮಹಡಿ, ಎಡಕ್ಕೆ ಮೊದಲನೇ ಬಾಗಿಲು. ಮೊಬೈಲ್ ನಂಬರ್ ಬರ್ಕೊಳ್ಳಿ."

ನಮ್ಮಂಥವರು ನಂಬರು ಬರೆದಿಡುವುದಿಲ್ಲ, ತಲೆಯಲ್ಲಿಡುತ್ತೇವೆ. ಒಂದೊಂದೇ ಅಂಕಿ ಬಿಡಿಸಿ ಬಿಡಿಸಿ, ಮೂರು ಸಲ ಹೇಳಿದೆ.

ಮೇಲೆ ಫೋನು ಬಡಿದುಕೊಳ್ಳತೊಡಗಿತು. ಜನ ದಡದಡನೆ ಮೆಟ್ಟಿಲು ಹತ್ತಿದರು. "ಎಲ್ಲಲೇ ಅವ್ನು, ಸೂಳೆಮಗ! ನಮ್ ಬಸ್ಸು ಹೋಯ್ತದೆ!"

ಅಷ್ಟರಲ್ಲಿ ಹಿಂದಿನ ಮೆಟ್ಟಿಲಿಂದ ಇಳಿದು ಬಂದ ದೋನ್ ರೆಮಿಹಿಯೊ ನನ್ನ ಬಾಗಿಲು ಗುದ್ದಿದ.

"ತೆಗೆಯೇ ರಂಡೆ! ನಿನ್ ಕೆಲಸ ಹೋಯ್ತು!"

ಅದು ಬೆಳಿಗ್ಗೆಯೇ ಹೋಗಿಯಾಗಿತ್ತು. ಮತ್ತೆ ಗುಂಡಿ ಒತ್ತಿದೆ.

"ಪ್ರಯಾಣಿಕರ ಗಮನಕ್ಕೆ. ರೆಮಿಹಿಯೊ ಈಗ ಮಹಡಿ ಮೇಲಿಲ್ಲ. ಕೆಳಗೆ, ಮೈಕಿನ ಗೂಡಿನ ಬಾಗಿಲಲ್ಲಿ ಒಬ್ನೇ ನಿಂತವ್ನೆ. ಬೇಗ ಬನ್ನಿ."