ಹನ್ನೊಂದನೇ ಮನೆಯ ಬಾಗಿಲು

ತಪ್ಪು ನನ್ನದೇ. ಕೈತಪ್ಪಿ ಆದದ್ದಲ್ಲ, ಗೊತ್ತಿದ್ದೇ ಮಾಡಿದ್ದು. ಮೂವತ್ತು ವರ್ಷ ಉಳಿ ಹಿಡಿದವನಿಗೆ ಕೈ ತಪ್ಪಿತು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ನಾನು ಲೀಲಾಧರ, ಕಾರ್ಕಳ ಕಡೆಯ ಆಚಾರಿ. ಗಲ್ಫಿನ ಮೀನಾ ಸಲ್ಮಾನ್ ಬಂದರಿನಲ್ಲಿ ನಮ್ಮ ಕಡೆಯವರೇ ಆದ ಯುಸ್ಟೇಸ್ ಸಾರ್ ನಡೆಸುವ ಮರದ ವರ್ಕ್‌ಶಾಪಿನಲ್ಲಿ ಕೆಲಸ. ಅಲ್ಲೇ ಹತ್ತಿರದ ಅದ್ಲಿಯಾದಲ್ಲಿ ಮಗಳ ಜೊತೆಗಿರುವ ಇಶ್ಬೆಲ್ ಮೇಡಂ, ಎಂಬತ್ತಾರರ ಸ್ಕಾಟ್‌ಲೆಂಡಿನ ಹೆಂಗಸು, ತಾನು ಹುಟ್ಟಿದ ಊರನ್ನು ಮರದಲ್ಲಿ ಮಾಡಿಕೊಡಿ ಎಂದು ಬಂದಿದ್ದರು. ಉತ್ತರದ ಕಡಲ ದಂಡೆಯಲ್ಲಿ ಮೀನುಗಾರರ ಹನ್ನೊಂದು ಮನೆ, ಅಷ್ಟೇ ಊರು. ಒಂದು ಚಳಿಗಾಲದ ಬಿರುಗಾಳಿಗೆ ಇಡೀ ಸಾಲು ಕಡಲು ಸೇರಿತಂತೆ. ಫೋಟೊ ಒಂದೂ ಇಲ್ಲ. ಅಲ್ಲಿ ಬಾಳಿದವರಲ್ಲಿ ಉಳಿದವರು ಇವರೊಬ್ಬರೇ, ಇವರಿಗೂ ಕಣ್ಣು ಪೂರ್ತಿ ಹೋಗಿದೆ. ಮಗಳ ಕೈಯಲ್ಲಿ ಬರೆಸಿದ ನೆನಪುಗಳ ಜೊತೆಗೆ ಈ ಮಾದರಿಯನ್ನು ಸ್ಕಾಟ್‌ಲೆಂಡಿನಲ್ಲಿ ಅದರ ಪಕ್ಕದ ಊರಿನ ಮ್ಯೂಸಿಯಂಗೆ ಕಳಿಸಬೇಕು, ಅದೊಂದೇ ಅವರ ಆಸೆ.

ಅವರು ಹೇಳಿದರು, ನಾನು ಬರೆದುಕೊಂಡೆ. ಗಾಳಿ ನುಗ್ಗಬಾರದೆಂದು ಮನೆಗಳೆಲ್ಲ ಕಡಲಿಗೆ ಬೆನ್ನು ಹಾಕಿವೆ, ಬಾಗಿಲೆಲ್ಲ ದಕ್ಷಿಣದ ಗುಡ್ಡಕ್ಕೆ. ಪೂರ್ವದ ತುದಿಯ ಹನ್ನೊಂದನೆಯದು ಅವರ ಮನೆ. ಬಾಗಿಲಲ್ಲಿ ನಿಂತರೆ ಗುಡ್ಡದ ಮೇಲಿನ ಶಾಲೆ ಕಾಣುತ್ತಿತ್ತಂತೆ.

ಹತ್ತು ಬಾಗಿಲನ್ನು ದಕ್ಷಿಣಕ್ಕೇ ಕೊರೆದೆ. ಆ ಮನೆಗಳವರೆಲ್ಲ ಯಾವತ್ತೋ ಹೋದವರು. ಬದುಕಿರುವವರ ಬಾಗಿಲನ್ನು ಯಮನ ದಿಕ್ಕಿಗೆ ಇಡಲು ಮಾತ್ರ ಕೈ ಬರಲಿಲ್ಲ. ಅದನ್ನು ಪೂರ್ವಕ್ಕೆ ತಿರುಗಿಸಿದೆ.

"ಎಂತ ಮಾರಾಯ ಇದು, ಅವರು ಹೇಳಿದ್ದು ಹೀಗಲ್ಲ ಅಲ್ವಾ?" ಎಂದರು ಯುಸ್ಟೇಸ್ ಸಾರ್.

"ಕಣ್ಣು ಕಾಣದವರಿಗೆ ಎಂತ ಗೊತ್ತಾಗ್ತದೆ ಸಾರ್? ಅವರಿಗೆ ಒಳ್ಳೇದಾಗ್ಲಿ ಅಂತಲೇ ಮಾಡಿದ್ದು," ಎಂದೆ. ಅಷ್ಟು ಬುದ್ಧಿವಂತ ನಾನು.

ಮಾದರಿಯನ್ನು ಅದ್ಲಿಯಾಕ್ಕೆ ಒಯ್ದು ಅವರ ಮೇಜಿನ ಮೇಲಿಟ್ಟೆ. ಮೇಡಂ ಒಂದೊಂದು ಬಾಗಿಲನ್ನೂ ಬೆರಳಿನಿಂದ ಮುಟ್ಟಿ, ಆ ಮನೆಯವರ ಹೆಸರು ಹೇಳುತ್ತ ಬಂದರು. ಹನ್ನೊಂದನೆಯದರಲ್ಲಿ ಬೆರಳು ಬರೀ ಗೋಡೆಯ ಮೇಲೆ ಓಡಾಡಿತು. ಮೂಲೆ ತಿರುಗಿದ ಮೇಲೆ ಬಾಗಿಲು ಸಿಕ್ಕಿತು. ಈಗ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಈತ ನಾನು ಹೇಳಿದ್ದನ್ನೇ ಮಾಡಿದ್ದಾನೆ. ನಾನೇ ತಪ್ಪು ಹೇಳಿರಬೇಕು," ಎಂದರು ಮಗಳಿಗೆ. "ಈ ಬಾಗಿಲಿಂದ ಶಾಲೆ ಕಾಣುವುದು ಹೇಗೆ? ಕಣ್ಣು ಹೋದ ಹಿಂದೆಯೇ ತಲೆಯೂ ಹೋಯಿತು. ಆ ಬರಹ ಕಳಿಸಬೇಡ. ಹರಿದುಹಾಕು."

ಮಗಳು ಬರಹದ ಹಾಳೆಗಳನ್ನು ಕೈಗೆತ್ತಿಕೊಂಡರು. ಬರುವಷ್ಟು ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಕೊಂಡೆ. ತಿರುಗಿಸಿದ್ದು ನಾನು, ನಮ್ಮಲ್ಲಿ ದಕ್ಷಿಣವೆಂದರೆ ಸಾವಿನ ದಿಕ್ಕು ಎಂದೆ.

"ನಾನು ದಕ್ಷಿಣ ಎಂದೇ ಹೇಳಿದ್ದೆನಾ?"

"ಹೌದು ಮೇಡಂ. ಎರಡು ಸಲ ಹೇಳಿದಿರಿ. ಬರೆದುಕೊಂಡಿದ್ದೇನೆ."

ಅವರು ಮುಖ ಮುಚ್ಚಿಕೊಂಡು ಅತ್ತರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಚೀಲದಿಂದ ಉಳಿ ತೆಗೆದು ಅಲ್ಲೇ ಕುಳಿತು ದಕ್ಷಿಣದ ಗೋಡೆಗೆ ಗುರುತು ಹಾಕಿದೆ. ಆಗಲೂ ಕೈ ತಡೆಯಿತು. ಅದು ಅವರಿಗೆ ಹೇಗೆ ತಿಳಿಯಿತೋ.

"ಕೊರೆಯಪ್ಪ," ಎಂದರು. "ನನ್ನ ಅಮ್ಮ ತೀರಿಕೊಂಡಾಗ ಹೊರಗೆ ತಂದದ್ದು ಆ ಬಾಗಿಲಿಂದಲೇ. ನನಗೆ ಬೇರೆ ಬಾಗಿಲು ಬೇಡ."