ಹತ್ತನೆಯ ಹಾಳೆ

ನಮ್ಮ ಅತ್ತಿಗೆ ಕೆಟ್ಟ ಹಾಳೆಯನ್ನು ಎಂದೂ ಮುದುಡಿ ಎಸೆದವರಲ್ಲ. ಪುಸ್ತಕ ಕಟ್ಟುವ ನಮ್ಮ ಕೋಣೆಯಲ್ಲಿ ಅಂಟು ಹೆಚ್ಚಾಗಿ ಹಾಳೆ ಸುಕ್ಕುಗಟ್ಟಿದರೆ, ನಾನು ಅದರ ಏಳು ತಲೆಮಾರನ್ನು ಬೈದು ಮೂಲೆಗೆ ಒಗೆಯುತ್ತೇನೆ. ಅವರು ಅಂಗೈಯಿಂದ ಸವರಿ, ಮಗುವನ್ನು ಮಲಗಿಸುವಂತೆ ಪಕ್ಕಕ್ಕಿಟ್ಟು, "ಇರಲಿ, ಇನ್ನೊಂದು ಹಾಳೆ ಇದೆ" ಎನ್ನುತ್ತಾರೆ. ಮೂವತ್ತು ವರ್ಷ ಹೊಲಿಗೆಯ ದಾರ ಎಳೆದೆಳೆದು ತೋರುಬೆರಳಲ್ಲಿ ಒಂದು ಗೀರು ಬಿದ್ದಿದೆ. ಆ ಬೆರಳು ಮುಟ್ಟಿದರೆ ಸಾಕು, ಕಾಗದದ ಒಳಮೈ ಯಾವುದು, ಹೊರಮೈ ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಾರೆ.

ಅಣ್ಣನ ಬಲಗೈ ಸ್ವಾಧೀನ ತಪ್ಪಿದ್ದು ಕಳೆದ ವರ್ಷ. ಪುಸ್ತಕದ ಬೆನ್ನಿಗೆ ಚಿನ್ನದ ಅಕ್ಷರ ಒತ್ತುತ್ತಿದ್ದ ಕೈ ಅದು. ಎಡಗೈಯಲ್ಲಿ ಉಳಿದದ್ದು ಹೆಬ್ಬೆರಳು, ತೋರುಬೆರಳು ಮಾತ್ರ. ಮಿಕ್ಕ ಮೂರನ್ನು ಕಟ್ಟಿಂಗ್ ಮೆಷಿನ್ ಪ್ರಾಯದಲ್ಲೇ ತಿಂದಿತ್ತು. ಚಮಚ ಹಿಡಿದರೆ ಹೊರಳುತ್ತದೆ, ಅನ್ನ ಎತ್ತಿದರೆ ಮಡಿಲಿಗೆ ಉದುರುತ್ತದೆ. ಅತ್ತಿಗೆ ತುತ್ತಿಡಲು ಹೋದರೆ ಗೋಡೆಯತ್ತ ಮುಖ. "ನಾನೇನು ಹಸುಗೂಸೇನೇ?" ಎಂದು ಕೇಳಿದ್ದು ಒಂದೇ ಸಲ, ಆಮೇಲೆ ಹಸಿವಿಲ್ಲ ಎಂಬುದೇ ಉತ್ತರ. ಅಂಗಿಯ ಕಾಲರಿನೊಳಗೆ ಅವನ ಕುತ್ತಿಗೆ ದಿನದಿನಕ್ಕೆ ಸಣ್ಣದಾಗುತ್ತ ಬಂತು.

ಆಗಲೇ ಅತ್ತಿಗೆ, ಕೊರಿಯಾದ ಹೆಂಗಸೊಬ್ಬಳು ಕಡಲಪಾಚಿಯ ಕಪ್ಪು ಹಾಳೆಯಲ್ಲಿ ಅನ್ನ ಸುತ್ತಿ ಬಿಲ್ಲೆಬಿಲ್ಲೆಯಾಗಿ ಕೊಯ್ಯುವುದನ್ನು ಫೋನಿನಲ್ಲಿ ಕಂಡರು. ಎರಡು ಬೆರಳಿಗೆ ಒಂದು ಬಿಲ್ಲೆ. ಮರುದಿನವೇ ಹತ್ತು ಹಾಳೆಯ ಪೊಟ್ಟಣವೂ ಬಿದಿರುಕಡ್ಡಿಯ ಪುಟ್ಟ ಚಾಪೆಯೂ ಮನೆಗೆ ಬಂದವು. ಮುಟ್ಟಿದವರೇ ಒರಟು ಮೈ ಮೇಲೆ ಮಾಡಿ ಹಾಸಿದರು. ಫೋನಿನ ಹೆಂಗಸು ಅದನ್ನೇ ತೋರಿಸಿದಳು, ಒಂದು ಗಳಿಗೆ ತಡವಾಗಿ.

ಮೊದಲ ಹಾಳೆ ಬಿಸಿ ಅನ್ನಕ್ಕೆ ಮುದುಡಿತು. ಎರಡನೆಯದು ಕ್ಯಾರೆಟ್ಟು, ಸೌತೆ, ಮೊಟ್ಟೆಯ ಪಟ್ಟಿಗಳನ್ನೆಲ್ಲ ತುರುಕಿಸಿಕೊಂಡು ಹೊಟ್ಟೆಯೊಡೆಯಿತು. ಮೂರನೆಯದು ಅಚ್ಚುಕಟ್ಟಾಗಿ ಸುತ್ತಿಕೊಂಡಿತು. ಆದರೆ ಭಾರದಡಿ ಕೂರದ ಪುಸ್ತಕ ಪುಸ್ತಕವೇ ಅಲ್ಲವೆಂಬ ಕಸುಬಿನ ನಂಬಿಕೆ ಬಿಡಬೇಕಲ್ಲ! ಅದನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ಎರಡು ದಪ್ಪ ನಿಘಂಟು ಹೇರಿದರು. ಅರ್ಧ ಗಂಟೆಯಲ್ಲಿ ಸುರುಳಿ ಹೋಗಿ ಹಲಗೆಯಾಗಿತ್ತು. ನನ್ನ ಪಿತ್ತ ನೆತ್ತಿಗೇರಿತು. ಇದು ಅಡುಗೆಮನೆಯೋ ಬೈಂಡಿಂಗ್ ಅಂಗಡಿಯೋ ಎಂದು ಕೂಗಾಡಿದೆ. ಅಣ್ಣನಿಗೆ ಕೇಳಿಸೀತೆಂಬ ಪರಿವೆಯಿಲ್ಲದೆ, ತಿನ್ನದವನಿಗೆ ಇಷ್ಟೆಲ್ಲ ಸಿಂಗಾರ ಯಾಕೆ ಎಂದೂ ಅಂದುಬಿಟ್ಟೆ. ಅತ್ತಿಗೆ ತಲೆಯೆತ್ತಲಿಲ್ಲ.

"ಇರಲಿ ಸಿಡುಕಪ್ಪ, ಇನ್ನೊಂದು ಹಾಳೆ ಇದೆ. ಆ ಚಾಕು ಸ್ವಲ್ಪ ಮಸೆದು ಕೊಡು."

ಆ ವಾರವೆಲ್ಲ ಹೀಗೆಯೇ. ಒಂದು ದಿನ ಬಿಲ್ಲೆ ಅಣ್ಣನ ಬಾಯಿಗೆ ದೊಡ್ಡದಾಯಿತು, ಇನ್ನೊಂದು ದಿನ ಬೆರಳ ನಡುವೆಯೇ ಬಿಚ್ಚಿಕೊಂಡಿತು. ಅವನು ತಟ್ಟೆ ಸರಿಸಿದ. ಕೊನೆಗೊಂದು ಮಧ್ಯಾಹ್ನ ಅತ್ತಿಗೆ ಅನ್ನ ಆರಿಸಿ, ಎಳ್ಳೆಣ್ಣೆ, ಉಪ್ಪು ಕಲಸಿ, ಪುಟಕ್ಕೆ ಅಂಚು ಬಿಡುವಂತೆ ತುದಿಯಲ್ಲಿ ಬೆರಳಗಲ ಬಿಟ್ಟು, ತುಸುವೇ ತುಂಬಿ, ಹೆಬ್ಬೆರಳ ಗಾತ್ರಕ್ಕೆ ಸುತ್ತಿದರು. ಕೂಡಿದ ಅಂಚನ್ನು ಕೆಳಗೆ ಮಾಡಿ, ತನ್ನ ಭಾರಕ್ಕೆ ತಾನೇ ಕೂರಲೆಂದು ಬಿಟ್ಟರು. ಆಮೇಲೆ ಚಾಕು ನನ್ನ ಕೈಗಿತ್ತರು, ಅಂಗಡಿಯಲ್ಲಿ ಹಾಳೆ ಕೊಯ್ಯುವುದು ನನ್ನ ಕಸುಬಲ್ಲವೇ. ಕೈ ನಡುಗಿತು.

"ಕೆಟ್ಟರೆ, ಅತ್ತಿಗೆ?"

"ಕೆಟ್ರೆ ಇನ್ನೊಂದು ಹಾಳೆ ಇದೆಯಲ್ಲ."

ಕೈಯ ನಡುಕ ನಿಂತಿತು. ಅಲಗಿಗೆ ಎಣ್ಣೆ ಸವರಿ, ಒತ್ತದೆ, ಎಳೆದೆಳೆದು ಕೊಯ್ದೆ.

ತಟ್ಟೆಯನ್ನು ಅಣ್ಣನ ಮುಂದಿಟ್ಟು ಅತ್ತಿಗೆ ಅವನಿಗೆ ಬೆನ್ನು ಮಾಡಿ ಕೂತು ಸೂಜಿಗೆ ದಾರ ಪೋಣಿಸತೊಡಗಿದರು. ಅಣ್ಣ ಎಡಗೈ ಚಾಚಿದ. ಎರಡು ಬೆರಳು ಇಳಿದವು, ಹಿಡಿದವು, ಎತ್ತಿದವು, ಒಂದಗುಳೂ ಉದುರಲಿಲ್ಲ. ಅಗಿದು ನುಂಗಿ, ಮತ್ತೊಂದನ್ನು ತೆಗೆದುಕೊಂಡ. ತಟ್ಟೆ ಬರಿದಾದ ಮೇಲೆ, "ನಾಳೆ ಸ್ವಲ್ಪ ಉಪ್ಪು ಜಾಸ್ತಿ ಹಾಕೇ" ಎಂದ. ಅಷ್ಟು ಹೊತ್ತೂ ಅತ್ತಿಗೆಯ ದಾರ ಸೂಜಿಯ ಕಣ್ಣು ಹೊಕ್ಕಿರಲಿಲ್ಲ.

ಮಿಕ್ಕ ಹಾಳೆಗಳನ್ನು ಎತ್ತಿಡೋಣವೆಂದು ಪೊಟ್ಟಣ ತೆರೆದೆ. ಒಳಗೆ ಬರೀ ಗಾಳಿ. ಕೊಯ್ದದ್ದು ಹತ್ತನೆಯದು.

ಕೆಲವರು ಹೀಗಿರುತ್ತಾರೆ. ನನ್ನಂಥವರು ಕಟ್ಟುಗಟ್ಟಲೆ ಹಾಳೆ ಎದುರಿಗಿದ್ದರೂ ಒಂದು ಕೆಟ್ಟದ್ದಕ್ಕೆ ಲೋಕವನ್ನೇ ಬೈಯುತ್ತೇವೆ. ಅವರು ಕೊನೆಯದನ್ನು ಹಾಸಿ ಕೂತಾಗಲೂ ಇನ್ನೊಂದಿದೆ ಎನ್ನುತ್ತಾರೆ, ಆ ಮಾತು ನಂಬಿಯೇ ನಮ್ಮ ಕೈ ನೆಟ್ಟಗೆ ನಿಲ್ಲುತ್ತದೆ.