ಬೆಳಕಿಗೆ ಹಿಡಿದ ಲೋಟ

ಯಾರ ಮನೆಗೆ ಹೋದರೂ ಕೊಟ್ಟ ನೀರನ್ನು ಲೋಟದಮ್ಮ ಕೂಡಲೇ ಕುಡಿದದ್ದಿಲ್ಲ. ತೀರಿಹೋದ ಗಂಡನ ಉಣ್ಣೆಯ ಕೋಟನ್ನು ಬೇಸಿಗೆಯಲ್ಲೂ ತೊಟ್ಟು, ಹಿಮ್ಮಡಿಯಿಂದ ನೆಲವನ್ನು ಗದರಿಸುವಂತೆ ನಡೆದು ಬಂದು, ಗಾಜಿನ ಲೋಟವೇ ಬೇಕೆಂದು ಕೇಳಿ ಪಡೆದು, ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೀರನ್ನು ಬೆಳಕಿಗೆ ಹಿಡಿಯುತ್ತಿದ್ದರು. ಒಂದು ಎಳೆ ಕಸ ತೇಲಿದರೂ ಸಾಕು, "ನಿಮಗೆ ಕಣ್ಣಿಲ್ವಾ?" ಎಂದು ಅಂಗಳಕ್ಕೆ ಚೆಲ್ಲಿಬಿಡುತ್ತಿದ್ದರು.

ಅವರ ಲೆಕ್ಕದಲ್ಲಿ ಹೊಳೆಯ ನೀರನ್ನು ಕೆಡಿಸಿದವರು ಬಣ್ಣದ ಕಾರ್ಖಾನೆಯವರು, ಕೆರೆಯದನ್ನು ದನ ಮೀಯಿಸುವವರು. ತಮ್ಮ ಹಿತ್ತಿಲ ಬಾವಿ ಮಾತ್ರ ನಿಷ್ಕಳಂಕ. ಅದನ್ನು ತೋಡಿಸಿದವರು ಅವರ ಗಂಡ. ಆ ನೀರನ್ನೂ ಅವರು ಹಾಗೇ ಬಿಡುತ್ತಿರಲಿಲ್ಲ. ಕೋಟಿನ ಜೇಬಿನಿಂದ ಬಿಳಿ ಬಟ್ಟೆ ತೆಗೆದು, ನಾಲ್ಕು ಮಡಿಕೆ ಮಾಡಿ ಸೋಸುತ್ತಿದ್ದರು. ಬಟ್ಟೆಯಲ್ಲಿ ಉಳಿದದ್ದು ಕೊಳೆ, ಇಳಿದದ್ದು ನೀರು. ವಿಚಾರ ಅಲ್ಲಿಗೆ ಮುಗಿಯಿತು.

ಕಕ್ಕಸು ಕಟ್ಟಿಸುವಾಗ ಗಾರೆಯವನು, "ಗುಂಡಿ ಹಿತ್ತಿಲ ಆ ತುದಿಗಿರ್ಲಿ ಅಮ್ಮಾ, ಬಾವಿಗೆ ದೂರ ಆಗುತ್ತೆ" ಎಂದಿದ್ದ.

"ಈ ಮಂಡಿ ನೋವಲ್ಲಿ ಅಷ್ಟು ದೂರ ನಿಮ್ಮಪ್ಪ ನಡೀತಾನಾ?"

ಗುಂಡಿ ಬಾವಿಯ ಮಗ್ಗುಲಿಗೇ ಬಂತು.

ಆಗತಾನೇ ಹೆಜ್ಜೆಯಿಡುತ್ತಿದ್ದ ಮೊಮ್ಮಗಳಿಗೆ ವಾಂತಿಭೇದಿ ಹಿಡಿದಾಗ ನರ್ಸ್ ಬಂದಳು. ಪರೀಕ್ಷೆಯ ಔಷಧವಿದ್ದ ಸೀಸೆಗೆ ಬಾವಿಯ ನೀರು ತುಂಬಿ ಗೂಡಿನಲ್ಲಿಟ್ಟು ಹೋದಳು. ಮರುದಿನ ಅವಳು ಬಂದು ನೋಡಿದಾಗ ನೀರು ಕಪ್ಪಾಗಿತ್ತು.

"ಮಸಿ ಹಾಕಿಟ್ಟು ಹೋಗಿದ್ದೀಯ, ಮಳ್ಳಿ!"

"ಕಪ್ಪಾದ್ರೆ ನೀರಲ್ಲಿ ಹೊಲಸು ಸೇರಿದೆ ಅಂತ. ಗುಂಡೀದು ಬಾವಿಗೆ ಇಳೀತಿದೆ ಅಮ್ಮಾ. ಕುದಿಸಿ ಆರಿಸಿದ್ದು ಬಿಟ್ಟು ಮಗೂಗೆ ಬೇರೆ ನೀರು ಕೊಡ್ಬೇಡಿ."

ಸೊಸೆ ಅಂದಿನಿಂದ ಕುದಿಸತೊಡಗಿದಳು. ಮಗು ಚೇತರಿಸಿಕೊಂಡಿತು, ಮತ್ತೆ ಕಾಯಿಲೆ ಬಿತ್ತು, ಈ ಸಲ ಕಣ್ಣು ಗುಳಿಬಿದ್ದು, ಅಳಲೂ ತ್ರಾಣವಿಲ್ಲದಂತೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ, ಗಂಡನನ್ನು ಮಗುವಿನ ಬಳಿ ಕೂರಿಸಿ, ಬಟ್ಟೆಗೆಂದು ಮನೆಗೆ ಬಂದ ಸೊಸೆ ಅಡುಗೆಮನೆಯಲ್ಲಿ ಅತ್ತೆಯನ್ನು ಕಂಡಳು. ಆಸ್ಪತ್ರೆಗೆ ಒಯ್ಯಲು ಸೊಸೆ ಬಂದೊಡನೆ ಕುದಿಸಿಟ್ಟಿದ್ದ ನೀರಿಗೆ ಅವರು ಕೊಡದಿಂದ ಒಂದು ಸೌಟು ಹಸಿನೀರು ಹುಯ್ಯುತ್ತಿದ್ದರು.

"ಏನತ್ತೆ ಇದು?"

"ಕುದ್ದದ್ದು ಸತ್ತ ನೀರು ಕಣೇ, ಸಪ್ಪೆ. ಮಗು ಬಾಯಿಗೆ ರುಚಿ ಬೇಡ್ವಾ? ದಿನಾ ಇಷ್ಟು ಬೆರೆಸ್ತೀನಿ. ಸೋಸಿದ್ದೇ, ಕಣ್ಣಿಲ್ವಾ ನಿಂಗೆ?"

ಆ ಮನೆಯಲ್ಲಿ ಎಂದೂ ದನಿಯೆತ್ತದವಳು ಪಾತ್ರೆಯನ್ನು ಎತ್ತಿ ಕುಕ್ಕಿದಳು. ನೀರು ನೆಲದ ತುಂಬ ಹರಿಯಿತು.

"ಇದೆ ಅತ್ತೆ, ಕಣ್ಣಿದೆ! ಇದೇ ಕಣ್ಣಲ್ಲಿ ಮಗು ಒಣಗೋದನ್ನ ನೋಡ್ಕೊಂಡು ಬಂದೆ. ನಮ್ಮ ಹೇಲನ್ನ ನಾವೇ ಸೋಸಿ ಅದಕ್ಕೆ ಕುಡಿಸ್ತಿದ್ದೀವಿ. ನಿಮಗೆ ಕಾಣುತ್ತಾ?"

ಲೋಟದಮ್ಮ ಕೊಡದಿಂದ ಒಂದು ಲೋಟ ತುಂಬಿಕೊಂಡು ಬಾಗಿಲಿಗೆ ಹೋದರು. ಕಣ್ಣು ಮುಚ್ಚಿ, ತೆರೆದು, ಲೋಟವನ್ನು ತಿರುಗಿಸಿ ನೋಡಿದರು. ಎಳೆಯಷ್ಟೂ ಕಸವಿಲ್ಲ. ಬಯ್ಯಲು ಏನೊಂದೂ ಸಿಗದ ಆ ತಿಳಿನೀರಿನ ಮೇಲೆ ಅವರಿಗೆ ಉಕ್ಕಿದ ಕೋಪ ಯಾವ ಬಗ್ಗಡದ ಮೇಲೂ ಉಕ್ಕಿರಲಿಲ್ಲ. ನೀರನ್ನು ಚೆಲ್ಲಿ, ಹಿಮ್ಮಡಿ ಕುಟ್ಟುತ್ತ ಗಾರೆಯವನ ಮನೆಗೆ ನಡೆದರು.

"ದೂರ ತೋಡೋಣ ಅಂತ ನಾನು ಅವತ್ತೇ..." ಎಂದು ಅವನು ಬಾಯಿ ತೆರೆದ.

"ಹೇಳಿದ್ನಂತೆ! ನಾನು ಬೇಡ ಅಂದ್ರೆ ಸುಮ್ನಾಗೋದಾ? ಗಟ್ಟಿಯಾಗಿ ಹೇಳೋಕೆ ಬಾಯಿರ್ಲಿಲ್ವಾ? ಏಳು, ಗುದ್ದಲಿ ತಗೋ!"

ಗುಂಡಿ ಹಿತ್ತಿಲ ಆ ತುದಿಗೆ ಹೋಯಿತು. ಮಗು ಮನೆಗೆ ಬಂತು. ನಡಿಗೆಯನ್ನು ಮೊದಲಿನಿಂದ ಕಲಿಯಬೇಕಾಯಿತು. ಸೊಸೆಯ ಬಳಿ ಲೋಟದಮ್ಮ ತಪ್ಪಾಯಿತೆಂಬ ಮಾತನ್ನು ಆಡಲಿಲ್ಲ. ಕೋಟಿನ ಜೇಬಿನ ಬಿಳಿ ಬಟ್ಟೆ ಮಾತ್ರ, ಕುದಿವ ನೀರಿನ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು.

ಪರರ ಲೋಟದಲ್ಲಿ ಕಸ ಹುಡುಕಿ ಕಣ್ಣು ಚುರುಕಾದವರು ಎಲ್ಲ ಊರುಗಳಲ್ಲೂ ಇದ್ದಾರೆ. ತಿಳಿಯದವರು, ಪಾಪ, ಎಂದು ಅವರಿಗಾಗಿ ಮರುಗುವವರೂ ಇದ್ದಾರೆ. ಆ ಮರುಕಕ್ಕೆ ಅವರು ಅರ್ಹರಲ್ಲ. ಹೇಳಿದವರಿದ್ದರು, ತಮ್ಮದೆಂಬುದನ್ನು ಶಂಕಿಸುವುದು ಅವರಿಗೆ ಅವಮಾನವಾಗಿತ್ತು. ಕೊನೆಗೆ ತಿದ್ದಿಕೊಳ್ಳುತ್ತಾರೆ, ನಿಜ. ಅಷ್ಟರೊಳಗೆ ಅವರ ಹಟದ ಒಂದೊಂದು ಸೌಟನ್ನೂ ಮನೆಯ ಅತಿ ಚಿಕ್ಕ ಹೊಟ್ಟೆ ಕುಡಿದಿರುತ್ತದೆ.